ಮನೆ ಖರ್ಚು ಏರುತ್ತಿದೆ, ಉಳಿತಾಯ ಎಲ್ಲಿಂದ ಶುರು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲದರ ಬೆಲೆಯೂ ಒಟ್ಟಿಗೆ ಏರಿದೆ. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಕಣ್ಣಿಗೆ ಬೀಳುವ ಸಣ್ಣ ಖರ್ಚಿಗಲ್ಲ, ಕಣ್ಣಿಗೆ ಬೀಳದ ದೊಡ್ಡ ಖರ್ಚಿಗೆ. ಕಳೆದ 3 ತಿಂಗಳ ಬ್ಯಾಂಕ್ ವಿವರ ಮತ್ತು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಪ್ರತಿ ಖರ್ಚನ್ನೂ ಮೂರು ಗುಂಪಿಗೆ ಸೇರಿಸಿ: ಪ್ರತಿ ತಿಂಗಳು ಬದಲಾಗದೆ ಹೋಗುವುದು (ಬಾಡಿಗೆ, ಸಾಲದ ಕಂತು, ಇಂಟರ್ನೆಟ್), ಬಳಸಿದಷ್ಟು ಏರಿಳಿಯುವುದು (ಕರೆಂಟ್, ಗ್ಯಾಸ್, ನೀರು, ದಿನಸಿ, ಪೆಟ್ರೋಲ್), ವರ್ಷಕ್ಕೆ ಒಂದೆರಡು ಸಲ ಬರುವುದು (ವಿಮೆ, ಶಾಲೆಯ ಶುಲ್ಕ, ರಿಪೇರಿ). ಎರಡನೆಯ ಗುಂಪಿನಲ್ಲಿ ಅತಿ ದೊಡ್ಡದಾದ ಮೂರನ್ನು ಆರಿಸಿಕೊಳ್ಳಿ. ಮೊದಲ ತಿಂಗಳು ಅವುಗಳ ಮೇಲಷ್ಟೇ ಕೆಲಸ ಮಾಡಿದರೆ ಸಾಕು. ಹತ್ತು ಕಡೆ ಒಟ್ಟಿಗೆ ಬಿಗಿ ಹಿಡಿಯಲು ಹೋದವರು ಸಾಮಾನ್ಯವಾಗಿ ಮೂರನೇ ವಾರಕ್ಕೆ ಎಲ್ಲವನ್ನೂ ಬಿಟ್ಟುಬಿಡುತ್ತಾರೆ.

ಮೊದಲ ಗುಂಪನ್ನೂ ಒಮ್ಮೆ ಕಣ್ಣಾಡಿಸಿ. ತಾನಾಗಿ ನವೀಕರಣವಾಗುವ ಆ್ಯಪ್‌ಗಳು, ಯಾರೂ ನೋಡದ ಚಾನೆಲ್ ಪ್ಯಾಕ್, ಬಳಸದ ಸದಸ್ಯತ್ವ ಅಲ್ಲೇ ಅಡಗಿರುತ್ತವೆ. ಒಮ್ಮೆ ರದ್ದು ಮಾಡಿದರೆ ಪ್ರತಿ ತಿಂಗಳೂ ಉಳಿಯುತ್ತದೆ. ಮತ್ತೆ ಅದರ ನೆನಪನ್ನೇ ಇಟ್ಟುಕೊಳ್ಳಬೇಕಿಲ್ಲ.

ಯಾವ ಉಪಕರಣ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ತಿಳಿಯುವುದು ಹೇಗೆ?

ಉಪಕರಣದ ಮೇಲೆ ಬರೆದಿರುವ ವ್ಯಾಟ್ ಅನ್ನು ದಿನಕ್ಕೆ ಎಷ್ಟು ಗಂಟೆ ಓಡುತ್ತದೋ ಅದರಿಂದ ಗುಣಿಸಿ, 1000ದಿಂದ ಭಾಗಿಸಿ. ಬರುವುದೇ ದಿನದ ಯೂನಿಟ್. 60 ವ್ಯಾಟ್‌ನ ಹಳೆಯ ಬುರುಡೆ ಬಲ್ಬ್ 5 ಗಂಟೆ ಉರಿದರೆ 0.3 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಎಲ್‌ಇಡಿಗೆ 0.045 ಯೂನಿಟ್ ಸಾಕು.

ಫ್ರಿಜ್, ಏಸಿಗೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅವುಗಳ ಕಂಪ್ರೆಸರ್ ನಿಂತು ನಿಂತು ಓಡುತ್ತದೆ. ಅದಕ್ಕೆ ಮನೆಯ ಡಿಜಿಟಲ್ ಮೀಟರನ್ನೇ ಬಳಸಬಹುದು. ಅದರಲ್ಲಿ ಮಿನುಗುವ ಒಂದು ಪುಟ್ಟ ಕೆಂಪು ದೀಪವಿರುತ್ತದೆ, ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆಯೂ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಎಂದುಕೊಳ್ಳಿ. ಉಳಿದದ್ದೆಲ್ಲ ಆರಿಸಿ, ಪರೀಕ್ಷಿಸಬೇಕಾದದ್ದನ್ನು ಮಾತ್ರ ಓಡಿಸಿ, ಒಂದು ನಿಮಿಷ ಎಣಿಸಿ. 16 ಸಲ ಮಿನುಗಿದರೆ 16 × 60 ÷ 3200 = 0.3, ಅಂದರೆ ಆ ಹೊತ್ತಿಗೆ ಅದು 300 ವ್ಯಾಟ್ ಎಳೆಯುತ್ತಿದೆ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಎಲ್ಲೋ ಏನೋ ಓಡುತ್ತಿದೆ. ಹುಡುಕಿ.

ಈ ಪರೀಕ್ಷೆ ಮಾಡಿದವರಿಗೆ ಒಂದು ವಿಷಯ ಥಟ್ಟನೆ ಗೊತ್ತಾಗುತ್ತದೆ: ಬಿಸಿ ಮಾಡುವ ಮತ್ತು ತಂಪು ಮಾಡುವ ಯಂತ್ರಗಳ ಮುಂದೆ ಉಳಿದವೆಲ್ಲ ಚಿಲ್ಲರೆ.

ಹಾಗಾದರೆ ಮೊಬೈಲ್ ಚಾರ್ಜರ್ ಕಿತ್ತಿಡುವುದರಿಂದ ಲಾಭವಿಲ್ಲವೇ?

ಇಲ್ಲವೆನ್ನುವಷ್ಟು ಕಡಿಮೆ. ಫೋನ್ ಸಿಕ್ಕಿಸದ ಒಳ್ಳೆಯ ಚಾರ್ಜರ್ ಅರ್ಧ ವ್ಯಾಟ್ ಕೂಡ ಎಳೆಯುವುದಿಲ್ಲ. ಆದರೆ ರಿಮೋಟ್‌ನಲ್ಲಷ್ಟೇ ಆರಿಸಿದ ಸೆಟ್‌ಟಾಪ್ ಬಾಕ್ಸ್, ಹಳೆಯ ಮ್ಯೂಸಿಕ್ ಸಿಸ್ಟಂ ಹಾಗಲ್ಲ. ಸುಮ್ಮನೆ 10 ವ್ಯಾಟ್ ಎಳೆಯುವ ಒಂದು ಪೆಟ್ಟಿಗೆ ವರ್ಷಕ್ಕೆ ಸುಮಾರು 88 ಯೂನಿಟ್ ನುಂಗುತ್ತದೆ. ಟಿವಿಯ ಸುತ್ತಲಿನದನ್ನೆಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಮಲಗುವಾಗ ಆ ಒಂದು ಸ್ವಿಚ್ ಆರಿಸಿ.

ಗೀಸರ್ ದಿನವಿಡೀ ಆನ್ ಇರಬೇಕೇ, ಬೇಕಾದಾಗ ಮಾತ್ರವೇ?

ಬೇಕಾದಾಗ ಮಾತ್ರ. ಟ್ಯಾಂಕ್‌ನಲ್ಲಿ ಕಾದ ನೀರು ಆರುತ್ತಲೇ ಇರುತ್ತದೆ, ಥರ್ಮೋಸ್ಟಾಟ್ ಅದನ್ನು ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. ಯಾರೂ ಬಳಸದ ಬಿಸಿನೀರಿಗೆ ನೀವು ಹಣ ಕಟ್ಟುತ್ತೀರಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 0.6 ಯೂನಿಟ್ ಬೇಕು. 2000 ವ್ಯಾಟ್‌ನ ಗೀಸರ್ ಅದನ್ನು 18–20 ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ಅದಕ್ಕಿಂತ ಬೇಗ ಆನ್ ಮಾಡಿ ಕಾಯುವುದರಿಂದ ಏನೂ ಸಿಗುವುದಿಲ್ಲ.

ಇನ್ನೂ ದೊಡ್ಡ ಉಳಿತಾಯ ಇರುವುದು ನೀರಿನ ಪ್ರಮಾಣದಲ್ಲಿ. ಶವರ್ ಕೆಳಗೆ ಒಂದು ಬಕೆಟ್ ಇಟ್ಟು ಒಂದು ನಿಮಿಷ ಬಿಡಿ, ಎಷ್ಟು ಲೀಟರ್ ತುಂಬಿತು ನೋಡಿ. ನಿಮಿಷಕ್ಕೆ 8 ಲೀಟರ್ ಬಂದರೆ 10 ನಿಮಿಷದ ಸ್ನಾನಕ್ಕೆ 80 ಲೀಟರ್. ಅಷ್ಟು ನೀರನ್ನು 20 ಡಿಗ್ರಿ ಬಿಸಿ ಏರಿಸಲು ಹೆಚ್ಚುಕಡಿಮೆ 1.9 ಯೂನಿಟ್ ಬೇಕು. 15 ಲೀಟರಿನ ಒಂದು ಬಕೆಟ್‌ಗಾದರೆ 0.35 ಯೂನಿಟ್ ಸಾಕು. ಶವರೇ ಬೇಕು ಎನ್ನುವವರು 10 ನಿಮಿಷವನ್ನು 5ಕ್ಕೆ ಇಳಿಸಿದರೂ ಒಬ್ಬರಿಗೆ ತಿಂಗಳಿಗೆ 28 ಯೂನಿಟ್ ಉಳಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ಇದೊಂದೇ ಬಿಲ್ಲಿನ ಮುಖ ಬದಲಿಸಬಲ್ಲದು.

ಗೀಸರ್‌ನ ಗುಂಡಿಯನ್ನು 60 ಡಿಗ್ರಿಯ ಹತ್ತಿರ ಇಡಿ. 75ಕ್ಕೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸುವುದು ದಂಡ. ಹಾಗೆಂದು 40ಕ್ಕೆ ಇಳಿಸಿ ಟ್ಯಾಂಕ್‌ನಲ್ಲಿ ನೀರು ನಿಲ್ಲಿಸಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಗೀಸರ್ ಮೊದಲಿಗಿಂತ ನಿಧಾನವಾಗಿ ಕಾಯುತ್ತಿದೆ, ಒಳಗೆ ಕಟಕಟ ಸದ್ದು ಬರುತ್ತಿದೆ. ಏಕೆ?

ಗಡಸು ನೀರಿನ ಸುಣ್ಣ ಕಾಯಿಲ್‌ಗೆ ಹೆಪ್ಪುಗಟ್ಟಿದೆ. ಆ ಪದರ ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ, ಹಾಗಾಗಿ ಕಾಯಿಲ್ ಅತಿಯಾಗಿ ಕಾದು ಕೊನೆಗೆ ಸುಟ್ಟುಹೋಗುತ್ತದೆ. ಗಡಸು ನೀರಿರುವ ಕಡೆ ವರ್ಷಕ್ಕೊಮ್ಮೆ ಸುಣ್ಣ ತೆಗೆಸಿ. ಅದೇ ಹೊತ್ತಿಗೆ ಒಳಗಿನ ಮೆಗ್ನೀಷಿಯಂ ಕಡ್ಡಿಯನ್ನೂ ನೋಡಲು ಹೇಳಿ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ತಾನು ಸವೆಯಲೆಂದೇ ಅದನ್ನು ಇಟ್ಟಿರುತ್ತಾರೆ. ಅದು ಪೂರ್ತಿ ಕರಗಿದ ಮೇಲೆ ಸರದಿ ಟ್ಯಾಂಕಿನದು. ಕಡ್ಡಿಯ ಬೆಲೆ ಗೀಸರಿನ ಬೆಲೆಯ ಸಣ್ಣ ಪಾಲು ಮಾತ್ರ.

ಫ್ರಿಜ್ ಹೇಗೂ ಓಡಲೇಬೇಕು, ಅದರಲ್ಲಿ ಉಳಿಸುವುದು ಏನಿದೆ?

ಬೇಕಾದಷ್ಟಿದೆ, ಏಕೆಂದರೆ ಅದು 24 ಗಂಟೆಯೂ ಸಿಕ್ಕಿಸಿರುವ ಯಂತ್ರ.

ಮೊದಲು ತಾಪ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ಮಧ್ಯದ ತಟ್ಟೆಯಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 3ರಿಂದ 5 ಡಿಗ್ರಿ ತೋರಿಸಬೇಕು, ಫ್ರೀಜರ್‌ನಲ್ಲಿ ಮೈನಸ್ 18. ಅದಕ್ಕಿಂತ ತಣ್ಣಗಿದ್ದರೆ ಸುಮ್ಮನೆ ಕರೆಂಟ್ ಸುಡುತ್ತಿದೆ. ಒಳಗಿನ ಗುಂಡಿಯ ಮೇಲಿನ 1ರಿಂದ 5 ಅಥವಾ 7ರವರೆಗಿನ ಅಂಕಿಗಳು ಡಿಗ್ರಿಯಲ್ಲ, ಅಂಕಿ ದೊಡ್ಡದಾದಷ್ಟು ಹೆಚ್ಚು ತಂಪು. ಇದನ್ನು ತಲೆಕೆಳಗಾಗಿ ತಿಳಿದವರು ಬಹಳ ಮಂದಿ.

ಎರಡನೆಯದು ಬಾಗಿಲಿನ ರಬ್ಬರ್. ಒಂದು ಕಾಗದದ ಚೂರನ್ನು ಬಾಗಿಲಿನ ನಡುವೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿಂದ ತಂಪು ಸೋರುತ್ತಿದೆ. ಸುತ್ತಲೂ ಏಳೆಂಟು ಕಡೆ ಹೀಗೆ ನೋಡಿ. ಹಲವು ಸಲ ರಬ್ಬರ್ ಹಾಳಾಗಿರುವುದಿಲ್ಲ, ಜಿಡ್ಡು ಮತ್ತು ಕೊಳೆ ಸೇರಿ ಹಿಡಿತ ಬಿಟ್ಟಿರುತ್ತದೆ. ಬೆಚ್ಚನೆಯ ಸೋಪುನೀರಿನಲ್ಲಿ ಒರೆಸಿ ಮತ್ತೆ ಪರೀಕ್ಷಿಸಿ. ಆಗಲೂ ಜಾರಿದರೆ ರಬ್ಬರ್ ಮಾತ್ರ ಬದಲಿಸಬಹುದು.

ಮೂರನೆಯದು ಹಿಂಬದಿ. ಅಲ್ಲಿನ ಕೊಳವೆಗಳು ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತವೆ. ಗೋಡೆಗೆ ಒತ್ತಿ ನಿಲ್ಲಿಸಿದರೆ, ಧೂಳು ಕಟ್ಟಿದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ನಾಲ್ಕು ಬೆರಳಿನಷ್ಟಾದರೂ ಜಾಗ ಬಿಡಿ, 6 ತಿಂಗಳಿಗೊಮ್ಮೆ ಪ್ಲಗ್ ತೆಗೆದು ಬ್ರಷ್‌ನಿಂದ ಧೂಳು ಉದುರಿಸಿ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಎದುರು ಇಡಬೇಡಿ.

ತಾನಾಗಿ ಹಿಮ ಕರಗಿಸಿಕೊಳ್ಳದ ಹಳೆಯ ಮಾದರಿಯಾದರೆ, ಫ್ರೀಜರ್‌ನಲ್ಲಿ ಮಂಜುಗಡ್ಡೆ ಅರ್ಧ ಸೆಂಟಿಮೀಟರ್ ದಾಟುವ ಮುನ್ನ ಡಿಫ್ರಾಸ್ಟ್ ಮಾಡಿ. ಚಾಕುವಿನಿಂದ ಮಾತ್ರ ಕೆತ್ತಬೇಡಿ. ಗೋಡೆಯೊಳಗಿನ ಗ್ಯಾಸ್ ಕೊಳವೆಗೆ ಒಂದು ತೂತು ಬಿದ್ದರೆ ಫ್ರಿಜ್ ಕಥೆ ಮುಗಿಯಿತು.

ಏಸಿಯನ್ನು 16ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆಯೇ?

ಸಾಮಾನ್ಯ ಏಸಿಯಲ್ಲಿ ಇಲ್ಲ. 16ಕ್ಕೆ ಇಟ್ಟರೂ 26ಕ್ಕೆ ಇಟ್ಟರೂ ಅದು ಒಂದೇ ವೇಗದಲ್ಲಿ ತಂಪು ಮಾಡುತ್ತದೆ, 16ಕ್ಕೆ ಇಟ್ಟರೆ ನಿಲ್ಲುವುದನ್ನು ಮರೆಯುತ್ತದೆ ಅಷ್ಟೆ. ಒಂದೊಂದು ಡಿಗ್ರಿ ಮೇಲೇರಿಸಿದಾಗಲೂ ಹೆಚ್ಚುಕಡಿಮೆ ಶೇ 6ರಷ್ಟು ಕರೆಂಟ್ ಉಳಿಯುತ್ತದೆ. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ನಿಧಾನವಾಗಿ ಹಾಕಿದರೆ ಮೈಗೆ 24ರಂತೆಯೇ ಹಿತವಾಗಿರುತ್ತದೆ. ಒಳಗಿನ ಜಾಲರಿಯನ್ನು ಬಳಸುವ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆದು ಒಣಗಿಸಿ. ಕಿಟಕಿಯ ಒಳಗಿನ ಪರದೆಗಿಂತ ಹೊರಗೆ ಕಟ್ಟಿದ ಚಾಪೆ ಅಥವಾ ನೆರಳುಬಟ್ಟೆ ಹೆಚ್ಚು ಕೆಲಸ ಮಾಡುತ್ತದೆ, ಬಿಸಿಲನ್ನು ಗಾಜು ದಾಟುವ ಮೊದಲೇ ತಡೆಯುವುದರಿಂದ.

ಫ್ಯಾನ್ ತಂಪು ಮಾಡುವುದು ಮನುಷ್ಯರನ್ನು, ಕೋಣೆಯನ್ನಲ್ಲ. ಖಾಲಿ ಕೋಣೆಯಲ್ಲಿ ತಿರುಗಿದರೆ ಪ್ರಯೋಜನವಿಲ್ಲ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ, ಬ್ರಷ್ ಇಲ್ಲದ ಡಿಸಿ) ಮೋಟರಿನದು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಫ್ಯಾನ್ ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಒಂದೇ ಗಂಟೆ ತಿರುಗುವುದನ್ನು ಬದಲಿಸುವ ಅಗತ್ಯವಿಲ್ಲ.

ಗ್ಯಾಸ್ ಸಿಲಿಂಡರ್ ಇನ್ನೂ ಕೆಲವು ದಿನ ಹೆಚ್ಚು ಬರುವಂತೆ ಅಡುಗೆ ಮಾಡುವುದು ಹೇಗೆ?

ನೀರು ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೊತಕೊತ ಕುದಿಸಿದರೆ ಬೇಗ ಬೇಯುತ್ತದೆ ಎಂಬುದು ಭ್ರಮೆ. ಹೆಚ್ಚುವರಿ ಗ್ಯಾಸ್ ಎಲ್ಲ ಆವಿಯಾಗಿ ಹೋಗುತ್ತದೆ. ಕುದಿ ಬಂದ ಕೂಡಲೇ ಮುಚ್ಚಳ ಹಾಕಿ ಉರಿ ಸಣ್ಣ ಮಾಡಿ, ಮೇಲ್ಮೈ ಮೆಲ್ಲಗೆ ಅಲುಗುತ್ತಿದ್ದರೆ ಸಾಕು.

ಪ್ರೆಶರ್ ಕುಕ್ಕರ್ ಆ ಮಿತಿಯನ್ನೇ ದಾಟುತ್ತದೆ. ಒತ್ತಡದಲ್ಲಿ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ಮೊದಲ ಕೂಗಿಗೇ ಉರಿ ಸಣ್ಣ ಮಾಡಬೇಕು. ಜೋರು ಉರಿಯಲ್ಲಿ ಎಂಟು ಕೂಗು ಕೂಗಿಸುವುದೆಂದರೆ ಕಟ್ಟಿದ ಒತ್ತಡವನ್ನು ಎಂಟು ಸಲ ಹೊರಗೆ ಚೆಲ್ಲಿದಂತೆ. ಬೇಯುವುದು ಕೂಗಿನಿಂದಲ್ಲ, ಒತ್ತಡದಲ್ಲಿ ಕಳೆದ ನಿಮಿಷಗಳಿಂದ. ಒಲೆ ಆರಿಸಿದ ಮೇಲೂ ಒತ್ತಡ ಇಳಿಯುವ ತನಕ ಬೇಯುವುದು ನಡೆದೇ ಇರುತ್ತದೆ, ಹಾಗಾಗಿ ಕೆಲವು ನಿಮಿಷ ಮೊದಲೇ ಆರಿಸಬಹುದು. ಮುಚ್ಚಳದ ಅಂಚಿನಿಂದ ಹಬೆ ಬಂದು ಕೂಗು ತಡವಾಗುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ, ಬದಲಿಸಿ.

ಒಣ ಕಾಳುಗಳನ್ನು 8 ಗಂಟೆ ನೆನೆಸಿದರೆ ಬೇಯುವ ಹೊತ್ತು ಅರ್ಧದಷ್ಟಾದರೂ ಇಳಿಯುತ್ತದೆ. ಇದಕ್ಕೆ ಖರ್ಚೇ ಇಲ್ಲ, ರಾತ್ರಿ ನೆನಪಾಗಬೇಕು ಅಷ್ಟೆ.

ಉರಿಯ ಬಣ್ಣ ನೋಡಿ. ನೀಲಿಯಾಗಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿದೆ. ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೂತುಗಳು ಕಟ್ಟಿಕೊಂಡಿವೆ ಅಥವಾ ಗಾಳಿ ಸಾಲದು. ಬರ್ನರ್ ಆರಿದ ಮೇಲೆ ತೆಗೆದು, ಸೋಪುನೀರಿನಲ್ಲಿ ನೆನೆಸಿ, ತೂತುಗಳನ್ನು ಸೂಜಿಯಿಂದ ಬಿಡಿಸಿ, ಚೆನ್ನಾಗಿ ಒಣಗಿಸಿ ಕೂರಿಸಿ. ಉರಿ ಪಾತ್ರೆಯ ತಳದ ಅಂಚನ್ನು ದಾಟಿ ಮೇಲೆ ಬರಬಾರದು. ಬಂದಷ್ಟೂ ಗಾಳಿಯನ್ನು ಕಾಯಿಸುತ್ತಿದೆ.

ಕುದಿದ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಅಡುಗೆ ತಾನಾಗಿ ಬೇಯುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಹಾಕಿ 10 ನಿಮಿಷ ಕುದಿಸಿ, ತೆರೆಯದೆ ಎರಡು ಮೂರು ಪದರ ದಪ್ಪ ಬಟ್ಟೆ ಸುತ್ತಿ ಒಂದು ಪೆಟ್ಟಿಗೆಯಲ್ಲಿ ಒತ್ತಾಗಿ ಇಡಿ. ಅಕ್ಕಿಗೆ ಅರ್ಧದಿಂದ ಮುಕ್ಕಾಲು ಗಂಟೆ, ಬೇಳೆಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಪಾತ್ರೆ ಮುಕ್ಕಾಲು ಭಾಗವಾದರೂ ತುಂಬಿರಬೇಕು, ಸ್ವಲ್ಪವೇ ಇದ್ದರೆ ಬೇಗ ಆರಿಹೋಗುತ್ತದೆ. ಬಡಿಸುವ ಮುನ್ನ ಮತ್ತೊಮ್ಮೆ ಕುದಿಸಿ. ತಾಪ 60 ಡಿಗ್ರಿಗಿಂತ ಕೆಳಗೆ ಇಳಿದು ಬಹಳ ಹೊತ್ತು ಇದ್ದರೆ ಕೆಡುತ್ತದೆ. ಕೆಂಪು ಕಿಡ್ನಿ ಬೀನ್ಸ್ ಅನ್ನು ಮಾತ್ರ ಈ ವಿಧಾನಕ್ಕೆ ಬಿಡಬೇಡಿ: ಅದರಲ್ಲಿ ಸಹಜವಾಗಿರುವ ವಿಷ ಸರಿಯಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರ್‌ನಲ್ಲೇ ಮೆತ್ತಗೆ ಬೇಯಿಸಿ.

ಇಂಡಕ್ಷನ್ ಅಗ್ಗವೋ, ಗ್ಯಾಸ್ ಅಗ್ಗವೋ?

ನಿಮ್ಮೂರಿನ ದರವೇ ಹೇಳಬೇಕು, ಆದರೆ ಲೆಕ್ಕ ಸುಲಭ. 1 ಕಿಲೋ ಅಡುಗೆ ಅನಿಲದಲ್ಲಿ ಸುಮಾರು 12.7 ಯೂನಿಟ್‌ನಷ್ಟು ಶಕ್ತಿಯಿದೆ, ಆದರೆ ಅದರಲ್ಲಿ ಸುಮಾರು ಅರ್ಧವಷ್ಟೇ ಪಾತ್ರೆಗೆ ಸೇರುತ್ತದೆ. ಇಂಡಕ್ಷನ್‌ನಲ್ಲಿ ಶೇ 85ರ ಹತ್ತಿರ ಸೇರುತ್ತದೆ. ಹಾಗಾಗಿ 1 ಕಿಲೋ ಗ್ಯಾಸ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ನಲ್ಲಿ ಸರಿಸುಮಾರು 8 ಯೂನಿಟ್ ಬೇಕು. ನಿಮ್ಮ ಒಂದು ಯೂನಿಟ್‌ನ ದರವನ್ನು 8ರಿಂದ ಗುಣಿಸಿ, 1 ಕಿಲೋ ಗ್ಯಾಸಿನ ದರದ ಪಕ್ಕ ಇಟ್ಟು ನೋಡಿ. ಬಳಸಿದಷ್ಟೂ ಯೂನಿಟ್ ದರ ಏರುವ ಪದ್ಧತಿ ಇದ್ದರೆ ಕೊನೆಯ ಹಂತದ ದರವನ್ನೇ ತೆಗೆದುಕೊಳ್ಳಿ, ಹೊಸದಾಗಿ ಸೇರುವ ಯೂನಿಟ್‌ಗಳು ಬೀಳುವುದು ಆ ಹಂತಕ್ಕೇ.

ನಲ್ಲಿ ತೊಟ್ಟಿಕ್ಕಿದರೆ ಅಷ್ಟೇನು ನಷ್ಟ?

ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 4 ಲೀಟರ್ ದಾಟುತ್ತದೆ, ವರ್ಷಕ್ಕೆ 1500 ಲೀಟರ್. ಹನಿಗೂಡಿ ಹಳ್ಳವಾಗುವುದು ಬಚ್ಚಲಲ್ಲೂ ನಿಜವೇ. ಹೆಚ್ಚಿನ ಸಲ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಮೇನ್ ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ಹಳೆಯ ವಾಷರನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ನಲ್ಲಿ ನಿಲ್ಲಲೆಂದು ಇನ್ನಷ್ಟು ಬಿಗಿಯಾಗಿ ತಿರುಗಿಸುವುದರಿಂದ ವಾಷರ್ ಹರಿದು ಸೋರಿಕೆ ಹೆಚ್ಚುತ್ತದೆ.

ನಲ್ಲಿಗಿಂತ ದೊಡ್ಡ ಕಳ್ಳ ಕಮೋಡ್‌ನ ಫ್ಲಶ್ ಟ್ಯಾಂಕ್, ಸದ್ದಿಲ್ಲದೆ ದಿನಕ್ಕೆ ನೂರಾರು ಲೀಟರ್ ಹರಿಸಬಲ್ಲದು. ಟ್ಯಾಂಕ್‌ಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗಿನ ನೀರಿಗೆ ಬಣ್ಣ ಬಂದಿದ್ದರೆ ತಳದ ರಬ್ಬರ್ ಸೋರುತ್ತಿದೆ. ಇಡೀ ಮನೆಯ ಪರೀಕ್ಷೆಗೆ, ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಬರೆದುಕೊಂಡು 2 ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಸರಿದಿದ್ದರೆ ಎಲ್ಲೋ ಸೋರುತ್ತಿದೆ.

ದೊಡ್ಡ ಪ್ಯಾಕ್ ಕೊಂಡರೆ ಯಾವಾಗಲೂ ಅಗ್ಗವಲ್ಲವೇ?

ಅಲ್ಲ. ಪೊಟ್ಟಣದ ಬೆಲೆ ನೋಡದೆ 100 ಗ್ರಾಂಗೆ ಎಷ್ಟು ಎಂದು ನೋಡಿ. 400 ಗ್ರಾಂನದಕ್ಕೆ 92, 1 ಕಿಲೋನದಕ್ಕೆ 240 ಎಂದಿದ್ದರೆ ಚಿಕ್ಕದು 100 ಗ್ರಾಂಗೆ 23, ದೊಡ್ಡದು 24. ಬೆಲೆ ಏರಿಸದೆ ತೂಕ ಇಳಿಸುವುದೂ ಇದೆ: ಅದೇ ಬೆಲೆಗೆ 500 ಗ್ರಾಂ ಬದಲು 450 ಬಂದರೆ ಬೆಲೆ ಶೇ 11ರಷ್ಟು ಏರಿದಂತೆ. ಇನ್ನು, ದೊಡ್ಡ ಪ್ಯಾಕ್‌ನ ಐದನೇ ಒಂದು ಪಾಲು ಕೆಟ್ಟು ಎಸೆದರೆ ನೀವು ತಿಂದಿದ್ದಕ್ಕೆ ಕೊಟ್ಟ ಬೆಲೆ ಶೇ 25 ಹೆಚ್ಚಾಯಿತು.

ತರಕಾರಿ, ಧಾನ್ಯ ಕೆಡದಂತೆ ಇಡುವುದು ಹೇಗೆ?

ಸೊಪ್ಪನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ತೊಳೆದು ಇಟ್ಟರೆ ಆ ತೇವದಿಂದಲೇ ಕೊಳೆಯುತ್ತದೆ. ಬಾಳೆ, ಸೇಬು, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತವೆ, ಅದು ಪಕ್ಕದ ಸೊಪ್ಪನ್ನು ಹಳದಿ ಮಾಡುತ್ತದೆ. ದೂರ ಇಡಿ. ಈರುಳ್ಳಿಯನ್ನೂ ಆಲೂಗಡ್ಡೆಯನ್ನೂ ಒಂದೇ ಬುಟ್ಟಿಯಲ್ಲಿ ಹಾಕಬೇಡಿ, ಎರಡೂ ಬೇಗ ಮೊಳೆತು ಕೊಳೆಯುತ್ತವೆ. ಆಲೂಗಡ್ಡೆ ಕತ್ತಲಲ್ಲಿರಲಿ, ಬೆಳಕು ಬಿದ್ದು ಹಸಿರಾದ ಭಾಗ ತಿನ್ನಲು ಯೋಗ್ಯವಲ್ಲ.

ಹಿಟ್ಟು, ಧಾನ್ಯಕ್ಕೆ ಹುಳ ಬೀಳುವ ಭಯವಿದ್ದರೆ ತಂದ ಪೊಟ್ಟಣವನ್ನು ಹಾಗೆಯೇ ಮೈನಸ್ 18ರ ಫ್ರೀಜರ್‌ನಲ್ಲಿ 4 ದಿನ ಇಡಿ. ಮೊಟ್ಟೆಯೂ ಸಾಯುತ್ತದೆ. ಹೊರ ತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವ ತನಕ ಬಾಯಿ ಬಿಚ್ಚಬೇಡಿ. ಬಿಚ್ಚಿದರೆ ಒಳಗೆ ನೀರಹನಿ ಕಟ್ಟಿ ಬೂಸ್ಟು ಬರುತ್ತದೆ.

ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿ ಉಳಿದಿರುತ್ತವೆ. ಅವು ಬೆಳೆದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಅಡುಗೆ ಸೋಡಾ, ವಿನೆಗರ್ ಬೆರೆಸಿ ಕ್ಲೀನರ್ ಮಾಡಿಕೊಂಡರೆ ಉಳಿತಾಯವೇ?

ಬೆರೆಸಿದರೆ ಎರಡೂ ವ್ಯರ್ಥ. ಒಂದು ಕ್ಷಾರ, ಇನ್ನೊಂದು ಆಮ್ಲ, ನೊರೆ ನಿಂತ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರಿನಂಥದು. ಬೇರೆ ಬೇರೆಯಾಗಿ ಬಳಸಿ: ಜಿಡ್ಡಿಗೆ, ಉಜ್ಜಲು ಸೋಡಾ, ಸುಣ್ಣದ ಕಲೆಗೆ ವಿನೆಗರ್ ಅಥವಾ ಸಿಟ್ರಿಕ್ ಆ್ಯಸಿಡ್. ನೀರು ಕಾಯಿಸುವ ಕೆಟಲ್‌ಗೆ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆ್ಯಸಿಡ್ ಹಾಕಿ ಬಿಸಿ ಮಾಡಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚ್ ಜೊತೆಗೆ ಮಾತ್ರ ಯಾವ ಆಮ್ಲವನ್ನೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಹಳೆಯ ಉಪಕರಣ ಬದಲಿಸಿದರೆ ಹಣ ಮರಳಿ ಬರುತ್ತದೆಯೇ?

ಹಳೆಯ ಫ್ರಿಜ್ ವರ್ಷಕ್ಕೆ 600 ಯೂನಿಟ್, ಹೊಸದು 250 ಎನ್ನಿ. ಉಳಿಯುವ 350 ಯೂನಿಟ್ ಅನ್ನು ನಿಮ್ಮ ದರದಿಂದ ಗುಣಿಸಿ, ಬಂದ ಮೊತ್ತದಿಂದ ಹೊಸದರ ಬೆಲೆಯನ್ನು ಭಾಗಿಸಿ. ಉತ್ತರ 4–5 ವರ್ಷದೊಳಗಿದ್ದರೆ ಬದಲಿಸಬಹುದು. 10 ದಾಟಿದರೆ ಹಳೆಯದನ್ನೇ ರಿಪೇರಿ ಮಾಡಿಸಿ. ಹೊಸದು ತಂದ ಮೇಲೆ ಹಳೆಯದನ್ನು ‘ಇರಲಿ’ ಎಂದು ಇನ್ನೊಂದು ಕೋಣೆಯಲ್ಲಿ ಓಡಿಸಿದರೆ ಬಿಲ್ಲು ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಕೈಯಲ್ಲಿ ಹಣವಿಲ್ಲದಾಗ ಕ್ರೆಡಿಟ್ ಕಾರ್ಡ್‌ನ ಕನಿಷ್ಠ ಮೊತ್ತ ಕಟ್ಟುತ್ತಾ ಹೋಗಬಹುದೇ?

ತಿಂಗಳಿಗೆ ಶೇ 3 ಎಂದರೆ ಕಡಿಮೆ ಅನ್ನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಅದು ಶೇ 42 ದಾಟುತ್ತದೆ. ಮೇಲೆ ಹೇಳಿದ ಎಲ್ಲ ಉಳಿತಾಯವನ್ನೂ ಇದೊಂದೇ ನುಂಗಿಹಾಕಬಲ್ಲದು. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ, ಆದ್ದರಿಂದ ತೀರುವವರೆಗೂ ಕಾರ್ಡ್ ಬಳಸಬೇಡಿ. ಹಲವು ಸಾಲಗಳಿದ್ದರೆ ಎಲ್ಲಕ್ಕೂ ಕನಿಷ್ಠ ಕಟ್ಟಿ, ಮಿಕ್ಕ ಹಣವನ್ನೆಲ್ಲ ಅತಿ ಹೆಚ್ಚು ಬಡ್ಡಿಯದಕ್ಕೆ ಹಾಕಿ.

ವರ್ಷಕ್ಕೊಮ್ಮೆ ಬರುವ ಖರ್ಚುಗಳೇ ಸಾಲಕ್ಕೆ ತಳ್ಳುವುದು. ಅವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ, ಬಂದಷ್ಟನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ.

ಯಾವುದರಲ್ಲಿ ಉಳಿಸಲೇಬಾರದು?

ಗ್ಯಾಸಿನ ರಬ್ಬರ್ ಪೈಪು, ರೆಗ್ಯುಲೇಟರ್, ಕುಕ್ಕರಿನ ಸೇಫ್ಟಿ ವಾಲ್ವ್, ವಾಹನದ ಬ್ರೇಕ್, ವೈದ್ಯರು ಬರೆದುಕೊಟ್ಟ ಮಾತ್ರೆಗಳು. ಪೈಪಿನ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ, ಬಗ್ಗಿಸಿದಾಗ ಬಿರುಕು ಕಂಡರೆ ಅದೇ ದಿನ ಬದಲಿಸಿ. ಗ್ಯಾಸ್ ಸೋರಿಕೆಯ ಅನುಮಾನವಿದ್ದರೆ ಜೋಡಣೆಯ ಜಾಗಕ್ಕೆ ಸೋಪುನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡಬೇಡಿ. ಗೀಸರ್, ಇಂಡಕ್ಷನ್‌ನಂಥವನ್ನು ಅಗ್ಗದ ತೆಳು ಎಕ್ಸ್‌ಟೆನ್ಶನ್ ವೈರ್‌ಗೆ ಸಿಕ್ಕಿಸಬೇಡಿ. ಪ್ಲಗ್ ಮುಟ್ಟಿದಾಗ ಬಿಸಿಯೆನಿಸಿದರೆ ಅಥವಾ ಸಾಕೆಟ್ ಕಂದುಬಣ್ಣಕ್ಕೆ ತಿರುಗಿದ್ದರೆ ಒಳಗಿನ ಸಂಪರ್ಕ ಸಡಿಲವಾಗಿದೆ. ಅದನ್ನು ಬಳಸುವುದು ನಿಲ್ಲಿಸಿ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.